ಮೌಶಿಯ ಇನ್ನೂರು ಮನೆಗಳು

ನನ್ನ ಮೌಶಿಗೆ ಡಲ್ಲಾಸಿನ ಸುತ್ತಮುತ್ತ ಇನ್ನೂರು ಮನೆಗಳಿವೆ. ಒಂದರ ಕೀಲಿಯೂ ಅವಳ ಹತ್ತಿರ ಇಲ್ಲ.

ಇನ್ನೂರು ಎಂದವಳು ಅವಳೇ. ಎರಡನೆಯವರನ್ನು ಕೇಳಿ ಖಚಿತಪಡಿಸಿಕೊಳ್ಳದೆ ಯಾವ ಸಂಖ್ಯೆಯನ್ನೂ ಬರೆಯಬಾರದೆಂದು ನನಗೆ ಕಲಿಸಿದ್ದಾರೆ. ಹಾಗಾಗಿ ಅವಳ ಗಂಡ, ಅಂದರೆ ಕಾಕಾನನ್ನು ಕೇಳಿದೆ. "ನಾ ಕಾರಿನಾಗ ಕೂತಿರ್ತೀನಿ. ನನಗೇನೂ ಗೊತ್ತಿಲ್ಲ" ಎಂದು ಅವರು ಪ್ರತಿಕ್ರಿಯೆ ನೀಡಲು ನಿರಾಕರಿಸಿದರು.

ಮೌಶಿ ನನ್ನ ತಾಯಿಯ ತಂಗಿ. ಧಾರವಾಡದವಳು. ಪತ್ರಿಕೋದ್ಯಮದ ಓದು ಮುಗಿಸಿದ ಬೇಸಿಗೆಯಲ್ಲಿ ನಾನು ಡಲ್ಲಾಸಿನ ಒಂದು ಪತ್ರಿಕೆಗೆ ಇಂಟರ್ನ್ ಆಗಿ ಸೇರಿದಾಗ, ಪಕ್ಕದ ಊರು ಪ್ಲೇನೋದಲ್ಲಿದ್ದ ಅವರ ಎರಡು ಕೋಣೆಯ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಉಳಿದುಕೊಂಡೆ. ಕಾಕಾ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುವ ಇಂಜಿನಿಯರ್. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತವರು. ಪ್ರಾಜೆಕ್ಟ್ ಮುಗಿದು ಬೇಗನೆ ಇನ್ನೊಂದು ಕೆಲಸ ಸಿಗದಿದ್ದರೆ ದೇಶವನ್ನೇ ಬಿಡಬೇಕು. ಈಗಿನ ಪ್ರಾಜೆಕ್ಟ್ ಆಗಸ್ಟಿಗೆ ಮುಗಿಯುವುದಿತ್ತು. ಇಂಥವರು ಮನೆ ಕೊಳ್ಳುವುದು ಹೇಗೆ? ಕೊಂಡಿರಲಿಲ್ಲ. ಮೌಶಿಗೆ ಈ ಲೋಕದಲ್ಲಿ ಬೇಕಾಗಿದ್ದುದೋ, ಒಂದು ಸ್ವಂತ ಮನೆ.

ಕೊಳ್ಳಲಾಗದಿದ್ದರೇನು, ನೋಡಬಹುದಲ್ಲ? ಹೊಸ ಬಡಾವಣೆ ಎದ್ದಲ್ಲೆಲ್ಲ ಬಿಲ್ಡರುಗಳು ಒಂದು ಮನೆಯನ್ನು ಪೂರ್ತಿ ಸಿಂಗರಿಸಿ, ಬಾಗಿಲು ತೆರೆದಿಟ್ಟು ಗಿರಾಕಿಗಳಿಗೆ ಕಾಯುತ್ತಾರೆ. ಅದಕ್ಕೆ ಮಾಡೆಲ್ ಹೋಮ್ ಎಂದು ಹೆಸರು. ಪ್ರತಿ ಶನಿವಾರ ಮೌಶಿ ಇವುಗಳ ಪರಿಶೀಲನೆಗೆ ಹೊರಡುತ್ತಿದ್ದಳು.

ಮೊದಲ ಶನಿವಾರ ನಾನು ಎತ್ತರದ ಕಟ್ಟಡಗಳು, ಮ್ಯೂಸಿಯಂ, ಕೆರೆ ಎಂದು ಊರು ನೋಡುವ ಉತ್ಸಾಹದಲ್ಲಿದ್ದೆ.

"ಡೌನ್‌ಟೌನ್ ಎಲ್ಲೂ ಓಡಿ ಹೋಗೂದಿಲ್ಲ" ಎಂದಳು ಮೌಶಿ. "ಪ್ರಾಸ್ಪರ್‌ದಾಗ ಹೊಸಾ ಮಾಡೆಲ್ ತಗದಾರ. ಸಂಜೀಕ ಬಾಗಲಾ ಹಾಕ್ತಾರ. ನಡಿ ನಡಿ."

ಕಾಕಾ ಕಾರನ್ನು ಒಂದು ಬಡಕಲು ಗಿಡದ ನೆರಳಿನಲ್ಲಿ ನಿಲ್ಲಿಸಿ, ಎಸಿ ಹಚ್ಚಿಕೊಂಡು, ಸೀಟು ಹಿಂದಕ್ಕೆ ಒರಗಿಸಿದರು. ನಾವಿಬ್ಬರು ಒಳಗೆ ಹೋದೆವು. ಚಪ್ಪಲಿ ಬಿಡುವ ಅಗತ್ಯವಿಲ್ಲ ಎಂದು ಹ್ಯಾಟು ಹಾಕಿದ್ದ ಸೇಲ್ಸ್‌ಮನ್ ಹೇಳಿದ. ಮೌಶಿ ಬಿಟ್ಟಳು, ನನ್ನವನ್ನೂ ಬಿಡಿಸಿದಳು, ಆಮೇಲೆ ಅವನ ಬೂಟುಗಳನ್ನೇ ನೋಡುತ್ತ ನಿಂತಳು. ಅವನೂ ಬಿಚ್ಚಿದ.

ಫೋನಿನಲ್ಲಿ ದಿಕ್ಕು ನೋಡಿದಳು. ಹಾಸಿಗೆ ಒತ್ತಿ ನೋಡಿದಳು. ಕಪಾಟುಗಳೊಳಗೆ ತಲೆ ಹಾಕಿದಳು. ಅಡುಗೆಮನೆಯಲ್ಲಿ ನಿಂತು, ಒಗ್ಗರಣೆಯ ಘಾಟು ಯಾವ ಯಾವ ಕೋಣೆಗೆ ಹೋಗುತ್ತದೆಂದು ಕೈಯಾಡಿಸುತ್ತ ವಿವರಿಸಿದಳು. ಮಾತುಕತೆ ಇಂಗ್ಲಿಷಿನಲ್ಲೇ ನಡೆಯಿತು. ಮೌಶಿಯ ಇಂಗ್ಲಿಷೂ ಧಾರವಾಡದ್ದೇ ಆದ್ದರಿಂದ ಅವಳ ಮಾತನ್ನು ಹಾಗೆಯೇ ಕೊಡುತ್ತಿದ್ದೇನೆ.

"ಮನೆ ಹಿಡಿಸಿತೇ, ಮ್ಯಾಮ್?"

"ಮನಿ ಛಲೋ ಅದ. ಬಾಗಲಾ ತಪ್ಪು ದಿಕ್ಕಿಗೆ ಅದ."

"ರಸ್ತೆ ಆ ಕಡೆ ಇದೆಯಲ್ಲ ಮ್ಯಾಮ್, ಬಾಗಿಲು ತಿರುಗಿಸಲು ಬರುವುದಿಲ್ಲ."

"ಹಂಗಾದ್ರ ರಸ್ತೆ ತಿರುಗಸ್ರಿ."

ಸೇಲ್ಸ್‌ಮನ್ ಹ್ಯಾಟು ತೆಗೆದು ತಲೆ ಕೆರೆದುಕೊಂಡ. ಹೊರಡುವಾಗ ಮೌಶಿ, ಗಿರಾಕಿಗಳಿಗೆಂದು ತಟ್ಟೆಯಲ್ಲಿಟ್ಟಿದ್ದ ಕುಕ್ಕಿಗಳಲ್ಲಿ ಎರಡನ್ನು ಕಾಕಾನಿಗೆಂದು ಎತ್ತಿಕೊಂಡಳು. ಅವಳು ಯಾರಿಗೂ ಸುಳ್ಳು ಹೇಳಿದವಳಲ್ಲ. ಯಾವಾಗ ಕೊಳ್ಳುತ್ತೀರಿ ಎಂದು ಕೇಳಿದರೆ, "ಈಗಂತೂ ಇಲ್ಲ" ಎನ್ನುತ್ತಿದ್ದಳು. ಆ ಹ್ಯಾಟಿನವನಿಗೆ ಅದು ಗೊತ್ತಿತ್ತು. ಆದರೂ ಅವಳು ಬಂದರೆ ಎದ್ದು ನಿಲ್ಲುತ್ತಿದ್ದ. ಕಾರಣ ನನಗೆ ತಿಳಿದದ್ದು ಜುಲೈನಲ್ಲಿ. ಆ ದಿನ ಅವನು ಇನ್ನೊಂದು ಭಾರತೀಯ ಕುಟುಂಬಕ್ಕೆ, ತನ್ನ ಎಳೆದೆಳೆದು ಮಾತಾಡುವ ಟೆಕ್ಸಸ್ ಇಂಗ್ಲಿಷಿನಲ್ಲಿ ಮನೆ ತೋರಿಸುತ್ತಿದ್ದ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ದೇವರನ್ನು ಇಡಲೇಬೇಡಿ, ಮೇಲೆ ಜನ ತುಳಿದಾಡುತ್ತಾರೆ, ಊಟದ ಕೋಣೆಯ ಪಕ್ಕದ ಈ ಮೂಲೆ ಪ್ರಶಸ್ತ, ಮುಖ ಪೂರ್ವಕ್ಕೆ ಬರುತ್ತದೆ ಎಂದು ಕೈ ಮುಗಿಯುವ ಭಂಗಿಯ ಸಮೇತ ಹೇಳುತ್ತಿದ್ದ. ಅಷ್ಟೂ ಮೌಶಿಯಿಂದ ಕಲಿತದ್ದೇ. ಆ ಕುಟುಂಬದ ಅಜ್ಜಿಗೆ ಕಣ್ಣು ತುಂಬಿ ಬಂತು. ಮನೆ ಅಲ್ಲೇ ಬುಕ್ ಆಯಿತು.

"ಶ್ಯಾಣ್ಯಾ ಇದ್ದಾನ" ಎಂದಳು ಮೌಶಿ.

ಕ್ರಮೇಣ ನನಗೂ ಆ ಮನೆಗಳ ಮಂಕು ಕವಿಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕೋಲಿಗೆ ಕಟ್ಟಿದ ಎಳೆಯ ಗಿಡಗಳು, ನಿನ್ನೆ ಹಾಸಿದಂಥ ಹುಲ್ಲು, ಅದರಾಚೆ ಇನ್ನೂ ಯಾರೂ ಅಗೆಯದ ಬಯಲು, ಬಯಲಿನ ಮೇಲೆ ಕದಲದೆ ನಿಂತ ದೊಡ್ಡ ದೊಡ್ಡ ಮೋಡಗಳು. ಒಳಗೆ ಬಂದರೆ ತಂಪು, ಎಲ್ಲಿಂದಲೋ ಬರುವ ನಿಂಬೆಯ ವಾಸನೆ, ಎಸಿಯ ಸಣ್ಣ ಗುಂಯ್‌ಗುಡುವಿಕೆ. ಮಕ್ಕಳ ಕೋಣೆಯ ಗೋಡೆಯ ಮೇಲೆ ಹುಟ್ಟದ ಮಗುವಿನ ಹೆಸರು. ಊಟದ ಮೇಜಿನ ಮೇಲೆ ತಟ್ಟೆ, ಲೋಟ, ಮಡಿಸಿದ ಬಟ್ಟೆ ಎಲ್ಲವೂ ಸಜ್ಜು. ಆ ಮನೆಗಳಿಗೆ ಯಾವಾಗಲೂ ಇನ್ನೇನು ಅತಿಥಿಗಳು ಬರುವವರಿದ್ದಾರೆ.

ಮೌಶಿ ಆ ಅತಿಥಿಗಳನ್ನು ಬರಿಸಿಯೇಬಿಡುತ್ತಿದ್ದಳು. "ಇಲ್ಲೆ ನಿಮ್ಮವ್ವ. ಇಲ್ಲೆ ನೀನು. ನಿನ್ನ ಬಾಜೂಕ ನಿನ್ನ ಗಂಡ."

"ನನಗ ಗಂಡ ಇಲ್ಲಲ್ಲ ಮೌಶಿ."

"ಮನೀನೂ ಇಲ್ಲ. ಸುಮ್ಮನ ಕೂಡು."

ಕೂತೆ. ಅವಳು ಖಾಲಿ ತಟ್ಟೆಗೆ ಏನೋ ಬಡಿಸಿದಳು. ಸಾಕು ಎಂದು ನಾನು ಕೈ ಅಡ್ಡ ಹಿಡಿದೆ. ತನ್ನ ಕಸುಬಿನ ಮೇಲೆ ಸ್ವಲ್ಪವಾದರೂ ಗೌರವವಿರುವ ಪತ್ರಕರ್ತೆ ಮಾಡುವ ಕೆಲಸವೇ ಇದು?

ಒಂದು ಮಧ್ಯಾಹ್ನ ಮೌಶಿ ದೊಡ್ಡ ಬೆಡ್‌ರೂಮಿನ ಹಾಸಿಗೆಯನ್ನು ಪರೀಕ್ಷಿಸಲು ಮಲಗಿದವಳು ನಿಜವಾಗಿಯೂ ನಿದ್ದೆಹೋದಳು. ಎಬ್ಬಿಸಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಹ್ಯಾಟಿನವನು ಒಂದು ದಂಪತಿಯನ್ನು ಕರೆದುಕೊಂಡು ಬಂದ. ಅವರು ಬಾಗಿಲಲ್ಲೇ ತಡೆದು ನಿಂತರು. ಸೀರೆಯ ಸೆರಗು ಹೊದ್ದು ಒಬ್ಬಾಕೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾಳೆ! ಅವನು ದನಿ ತಗ್ಗಿಸಿ, "ಈ ಕೋಣೆ ಎಷ್ಟು ನಿಶ್ಶಬ್ದ ನೋಡಿ" ಎಂದ.

ಸೋಮವಾರ ಪತ್ರಿಕೆಯ ಕಚೇರಿಯಲ್ಲಿ ನಮ್ಮ ಸಂಪಾದಕಿ ಇಂಟರ್ನ್‌ಗಳನ್ನು ಕೂಡಿಸಿಕೊಂಡು, ವಾರಾಂತ್ಯ ಊರಿನಲ್ಲಿ ಏನು ನೋಡಿದಿರಿ ಎಂದು ಕೇಳುತ್ತಿದ್ದರು. ಒಬ್ಬ ಕೆರೆಯ ದಂಡೆಯಲ್ಲಿ ಸೈಕಲ್ ಹೊಡೆದಿದ್ದ. ಇನ್ನೊಬ್ಬಳು ಚಿತ್ರಗಳ ಮ್ಯೂಸಿಯಂ ನೋಡಿದ್ದಳು. ನಾನು ಅಡುಗೆಮನೆಗಳನ್ನು ನೋಡಿದೆ ಎಂದೆ.

"ಯಾರ ಮನೆಗಳು?"

"ಯಾರದ್ದೂ ಅಲ್ಲ. ಅಲ್ಲಿ ಯಾರೂ ಇರುವುದಿಲ್ಲ."

"ಹಾಗಿದ್ದರೆ ಸುದ್ದಿ ಎಲ್ಲಿದೆ?"

ಆ ಪ್ರಶ್ನೆಯನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಸ್ಟಿನ್‌ಗೆ ಹೋದಾಗಲೂ ಇದೇ ಕಥೆ. ಅಲ್ಲಿ ಸೇತುವೆಯೊಂದರ ಅಡಿಯಿಂದ ಸಂಜೆಗೆ ಬಾವಲಿಗಳು ಹೊಗೆಯಂತೆ ಎದ್ದು ಹೋಗುವುದನ್ನು ನೋಡಲೇಬೇಕೆಂದು ನಾನು ಹಟ ಹಿಡಿದಿದ್ದೆ. ದಾರಿಯಲ್ಲಿ ಕಂಡ ಬಡಾವಣೆಗಳನ್ನೆಲ್ಲ ತಪಾಸಣೆ ಮಾಡಿಕೊಂಡು ತಲುಪುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಪುಣ್ಯಕ್ಕೆ ಬಾವಲಿಗಳೂ ತಡಮಾಡಿದ್ದವು. ಕೆಂಪಾದ ಆಕಾಶದಲ್ಲಿ ಉದ್ದನೆಯ ಕಪ್ಪು ಸೆರಗು ಬಿಚ್ಚಿಕೊಳ್ಳುತ್ತ, ತಿರುಗುತ್ತ, ನದಿಯ ಮೇಲೆ ಹಾಯ್ದು ಹೋಯಿತು. ಇವು ಪ್ರತಿ ವರ್ಷ ಮೆಕ್ಸಿಕೋದಿಂದ ಬಂದು ಇಲ್ಲೇ ಸಂಸಾರ ಹೂಡುತ್ತವೆ ಎಂದು ಪಕ್ಕದಲ್ಲಿದ್ದ ಮುದುಕರೊಬ್ಬರು ತಿಳಿಸಿದರು.

ಮೌಶಿ ಕಾಕಾನ ಕಡೆ ತಿರುಗಿದಳು. "ಇವುಕ್ಕ ಯಾವ ವೀಸಾರೀ?"

ಕಾಕಾ ಆ ಬೇಸಿಗೆಯಲ್ಲಿ ಬಾಯಿಬಿಟ್ಟು ನಕ್ಕದ್ದು ಅದೊಂದೇ ಸಲ.

ಆಗಸ್ಟಿನ ಒಂದು ಸಂಜೆ ಅವರು ಬೂಟು ಬಿಚ್ಚುತ್ತ, ತಲೆ ಎತ್ತದೆ, "ಎಕ್ಸ್‌ಟೆನ್ಷನ್ ಆಗಲಿಲ್ಲ" ಎಂದರು. ಮೌಶಿ ಮೊದಲು ಚಹಾ ಇಟ್ಟಳು. ಆಮೇಲಿನ ದಿನಗಳಲ್ಲಿ ಕಾಕಾ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಇಂಟರ್‌ವ್ಯೂ ಕೊಡುತ್ತಿದ್ದರು. ಮೌಶಿ ಕುಕ್ಕರಿನ ಸೀಟಿ ಕೂಗಿಸದೆ ಪಾತ್ರೆಯಲ್ಲಿ ಅನ್ನ ಮಾಡುತ್ತಿದ್ದಳು. ಶನಿವಾರ ಬಂದಾಗ ನಾನೇ ಕೇಳಿದೆ: "ಪ್ರಾಸ್ಪರ್‌ಗೆ ಹೋಗೋಣೇನು?"

"ಬ್ಯಾಡ" ಎಂದಳು. ಅಷ್ಟೇ. ಅವಳ ಬಾಯಿಂದ ಆ ಮಾತನ್ನು ನಾನು ಕೇಳಿರಲಿಲ್ಲ. ಮನೆ ಬೇಡ ಎನ್ನುವ ಮೌಶಿಯನ್ನು ಏನು ಮಾಡುವುದೋ ನನಗೆ ತಿಳಿಯಲಿಲ್ಲ.

ಗಡುವಿನ ಒಳಗೇ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ದೇಶ ಉಳಿಯಿತು, ಊರು ಬಿಡಬೇಕಾಯಿತು. ನನ್ನ ಇಂಟರ್ನ್‌ಶಿಪ್ ಮುಗಿದಿತ್ತು. ಸಾಮಾನು ಸಾಗಿಸಲು ನಾನೂ ಹೊರಟೆ. ಕಾಕಾ ಬಾಡಿಗೆ ಟ್ರಕ್ ಓಡಿಸಿದರು, ನಾನು ಮೌಶಿಯನ್ನು ಕೂರಿಸಿಕೊಂಡು ಕಾರು. ಹೆದ್ದಾರಿಯುದ್ದಕ್ಕೂ ಹೊಸ ಬಡಾವಣೆಗಳ ಬೋರ್ಡುಗಳು ಕೈಬೀಸಿ ಕರೆದವು. ಮೌಶಿ ಕತ್ತು ತಿರುಗಿಸಲಿಲ್ಲ.

ಹ್ಯೂಸ್ಟನ್ನಿನ ಗಾಳಿ ಹಸಿ ಟವೆಲಿನಂತಿತ್ತು. ಅಪಾರ್ಟ್‌ಮೆಂಟು ಎರಡನೆಯ ಮಹಡಿಯಲ್ಲಿ. ಕಂದು ಕಾರ್ಪೆಟ್ಟು. ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ. ಮೌಶಿ ಕಪಾಟು ತೆರೆಯಲಿಲ್ಲ, ಫೋನಿನಲ್ಲಿ ದಿಕ್ಕು ನೋಡಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಕಾಕಾ ಟ್ರಕ್ಕಿನಿಂದ ಮೇಲೆ ಬಂದರು. ಕೈಯಲ್ಲಿ ಹಾಲಿನ ಕ್ಯಾನು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ, ನಮಗೆ ಹೇಳದೆ ಕೊಂಡು ತಂದಿದ್ದರು.

"ಚಹಾಕ್ಕೇನ್ರಿ?" ಮೌಶಿ ಕೇಳಿದಳು.

"ಉಕ್ಕಿಸಲಿಕ್ಕ."

"ಬಾಡಿಗಿ ಮನಿಗೆ ಯಾರರೆ ಹಾಲು ಉಕ್ಕಸ್ತಾರೇನ್ರಿ?"

"ನಾವು" ಎಂದರು ಕಾಕಾ.

ಅವರು ಟೇಪು ಹರಿದು ಒಂದರ ಹಿಂದೆ ಒಂದು ಡಬ್ಬ ಬಿಚ್ಚಿದರು. ಪುಸ್ತಕ, ಚಳಿಗಾಲದ ಕೋಟು, ದೇವರ ಫೋಟೋ ಎಲ್ಲ ಹೊರಬಂದ ಮೇಲೆ ಒಂದು ಸ್ಟೀಲಿನ ಪಾತ್ರೆ ಸಿಕ್ಕಿತು. ಕರೆಂಟಿನ ಒಲೆ. ಹಾಲು ಕಾಯಲು ಒಂದು ಯುಗ ಹಿಡಿಯಿತು. ಮೂವರೂ ಸುತ್ತ ನಿಂತಿದ್ದೆವು. ಮೌಶಿ ಕಾಕಾನ ತೋಳು ಹಿಡಿದುಕೊಂಡಿದ್ದಳು. ಕೆನೆ ನಡುಗಿತು, ಉಬ್ಬಿತು, ಅಂಚು ದಾಟಿ ಸುರಿಯಿತು. ಒಲೆಯ ಕೆಂಪಾದ ಸುರುಳಿಯ ಮೇಲೆ ಚುಂಯ್ ಎಂದು ಹೊಗೆ ಎದ್ದು ಬೆಂಕಿಯ ಅಲಾರಂ ಕಿರುಚತೊಡಗಿತು. ಕಾಕಾ ಅದರ ಕೆಳಗೆ ನಿಂತು ಟವೆಲ್ ಬೀಸಿದರು. ಮೌಶಿ ಒಲೆ ಆರಿಸುವುದನ್ನೂ ಮರೆತು ಕಣ್ಣೊರೆಸಿಕೊಳ್ಳುತ್ತಿದ್ದಳು. ಆರಿಸಿದ್ದು ನಾನು.

ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಹೆಂಗಸು, ಕಂಕುಳಲ್ಲಿ ಕೂಸು, ಏನಾಯಿತೋ ಎಂಬ ಗಾಬರಿ. ಅವಳು ಸ್ಪ್ಯಾನಿಷಿನಲ್ಲಿ ಏನೋ ಕೇಳಿದಳು.

"ಬಾರವಾ, ಒಳಗ ಬಾ" ಎಂದಳು ಮೌಶಿ. ಅವಳ ಕೈಹಿಡಿದು ಒಳಗೆ ಕರೆತಂದು, ಇನ್ನೂ ಬಿಚ್ಚದ ಒಂದು ಡಬ್ಬದ ಮೇಲೆ ಕೂಡಿಸಿ, ಕಾಕಾನ ಕಡೆ ತಿರುಗಿದಳು.

"ಮನಿಗೆ ಮಂದಿ ಬಂದಾರ, ಟವೆಲ್ ಸಾಕು ಬಿಡ್ರಿ. ಸಕ್ರಿ ಎಲ್ಲೆ ಅದ ನೋಡ್ರಿ."