ಕೈ ಆಡಿದರೆ ಮಾತ್ರ ಇಂಗ್ಲಿಷ್

ದೊಡ್ಡವರಿಗೆ ಇಂಗ್ಲಿಷ್ ಕಲಿಸಲು ಕೂತವರಿಗೆ ನಗುವಿಗೆ ಬೇರೆ ಕಡೆ ಹೋಗಬೇಕಾಗಿಲ್ಲ, ಅದೇ ಮೆಟ್ಟಿಲು ಹತ್ತಿಕೊಂಡು ದಿನಾ ಸಂಜೆ ಬರುತ್ತದೆ. ಟಿ.ಬಿ. ಡ್ಯಾಂ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೆ, ಮನೆಯಲ್ಲಿ ಸುಮ್ಮನಿರಲಾರದೆ, ಹೊಸಪೇಟೆಯ ಒಂದು ಟೇಲರ್ ಅಂಗಡಿಯ ಮಹಡಿಯಲ್ಲಿ ಕ್ಲಾಸು ಶುರುಮಾಡಿದೆ. ಮಕ್ಕಳು ಹೇಳಿದ್ದನ್ನು ನಂಬುತ್ತವೆ. ದೊಡ್ಡವರು ನ್ಯಾಯ ಕೇಳುತ್ತಾರೆ.

ಕ್ಲಾಸಿನಲ್ಲಿ ಮಲಪನಗುಡಿಯ ಆಟೋ ಡ್ರೈವರ್ ಒಬ್ಬನಿದ್ದ. ಹಂಪಿಯ ಒಂದೊಂದು ಕಲ್ಲಿನ ಕಥೆಯೂ ಅವನಿಗೆ ಬಾಯಿಪಾಠ. ಪ್ರವಾಸೋದ್ಯಮ ಇಲಾಖೆಯ ಗೈಡ್ ಬ್ಯಾಡ್ಜ್ ಬೇಕೆಂದು ಒದ್ದಾಡುತ್ತಿದ್ದ. ಆದರೆ ಅದರ ಸಂದರ್ಶನದಲ್ಲಿ ಇಂಗ್ಲಿಷ್ ಪ್ರಶ್ನೆ ಬಂದ ಕೂಡಲೇ ಅವನ ಬಾಯಿ ಕಟ್ಟಿಹೋಗುತ್ತಿತ್ತು.

"ಈ ಸಲಾನೂ ಆಗಲಿಲ್ಲಂದ್ರ ಆಟೋ ಮಾರಿ ಕಂಪ್ಲಿಯೊಳಗ ಮಾವನ ಬಾಳೆಹಣ್ಣಿನ ಮಂಡಿಯಾಗ ಕುಂದ್ರಬೇಕ್ರಿ ಮೇಡಂ. ಮನ್ಯಾಗ ಹೆಂಡ್ತಿ ಹೇಳಿಬಿಟ್ಟಾಳ."

"ಮಂಡಿ ಚಲೋ ನಡೀತೈತಲ್ಲಪ್ಪ?"

"ಮಂಡಿ ಚಲೋ ಐತ್ರಿ. ಅದರಾಗ ಮಾವ ಅದಾನ."

ಮೂಟೆ, ಅಂಗೈ, ರೊಟ್ಟಿ

ಒಂದು ಸಂಜೆ ಒಂದೇ ಸದ್ದಿನ ಪದಗಳ ಪಾಠ. ಕೇಳುವುದಕ್ಕೆ ಒಂದೇ, ಬರೆಯುವುದು ಬೇರೆ, ಅರ್ಥ ಬೇರೆ ಎಂದು ವಿವರಿಸಿದೆ. ಕಂಪ್ಲಿಯಿಂದ ಬರುತ್ತಿದ್ದ ರೈಸ್‌ಮಿಲ್ ಸಾಹುಕಾರರು ಎದ್ದು ನಿಂತರು.

"ಕಾಯೋದಕ್ಕೂ ವೇಟ್, ತೂಕಕ್ಕೂ ವೇಟ್. ಅಕ್ಷರ ಬ್ಯಾರೆ ಅಂತೀರಿ. ಮಾತಾಡುವಾಗ ಬಾಯಾಗ ಅಕ್ಷರ ಎಲ್ಲಿ ಕಾಣ್ತಾವ್ರಿ ಮೇಡಂ?"

ನನಗೆ ಸಿಟ್ಟು ಬಂತು, ಯಾಕೆಂದರೆ ಉತ್ತರ ಹೊಳೆಯಲಿಲ್ಲ. "ಕಾಣದಿದ್ದರೆ ಕೈಯಲ್ಲಿ ತೋರಿಸಿ. ಒಂದೊಂದು ಪದಕ್ಕೂ ನಿಮ್ಮ ಕೆಲಸದಿಂದಲೇ ಒಂದು ಸನ್ನೆ ತನ್ನಿ" ಎಂದುಬಿಟ್ಟೆ.

ಸಾಹುಕಾರರು ತೂಕದ ವೇಟ್‌ಗೆ ಇಲ್ಲದ ಅಕ್ಕಿಮೂಟೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಕಾಯುವ ವೇಟ್‌ಗೆ, ಮಿಲ್ಲಿನ ಅಂಗಳದಲ್ಲಿ ರಿವರ್ಸ್ ಬರುವ ಲಾರಿಗೆ ತೋರಿಸುವ ಹಾಗೆ ಅಂಗೈ ಎತ್ತಿದರು. ಹಿಟ್ಟಿನ ಫ್ಲವರ್‌ಗೆ ಎಲ್ಲರೂ ಜೋಳದ ರೊಟ್ಟಿ ತಟ್ಟಿದರು. ಹೂವಿನ ಫ್ಲವರ್‌ಗೆ ಊರಲ್ಲಿ ಮರ್ಯಾದೆ ಇರುವ ಗಂಡಸರು ಒಬ್ಬೊಬ್ಬರಾಗಿ ತಲೆಗೆ ಹೂ ಮುಡಿದುಕೊಂಡರು.

ಸ್ಪೆಲಿಂಗ್ ತಪ್ಪುಗಳು ಮಾಯವಾದವು. ನಾನು ಬೀಗಿದೆ. ಕೈ ಆಡದಿದ್ದರೆ ಈಗ ಯಾರಿಗೂ ಇಂಗ್ಲಿಷೇ ಬರುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಗೆಜ್ಜೆ ಯಾರು ತರಬೇಕು

ಎದುರು ಮನೆಯ ತಾಯಿಯೊಬ್ಬರು ತಮ್ಮ ಮಾಳಿಗೆಯಿಂದ ನಮ್ಮನ್ನು ನೋಡುತ್ತಿದ್ದರಂತೆ. ಒಂದಿನ ಮಗಳ ಕೈ ಹಿಡಿದುಕೊಂಡು ಮೇಲೆ ಬಂದರು.

"ಟೀಚರ್ರೇ, ಭರತನಾಟ್ಯಕ್ಕ ಇಕಿನ್ನೂ ಸೇರಿಸ್ಕೊಳ್ರಿ. ಗೆಜ್ಜೆ ನೀವ ಕೊಡ್ತೀರೋ, ನಾವ ತರಬೇಕೋ?"

ಇದು ಇಂಗ್ಲಿಷ್ ಕ್ಲಾಸು ಎಂದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಸಾಹುಕಾರರು ತಮ್ಮಷ್ಟಕ್ಕೆ ತಾವು ಹೂ ಮುಡಿಯುತ್ತಿದ್ದರು.

"ಸುಳ್ಳು ಯಾಕ ಹೇಳ್ತೀರಿ? ಅವರ ಕೈ ನೋಡ್ರಿ, ಎಷ್ಟ್ ಚೆಂದ ತಿರುಗ್ತಾವ" ಅಂದರು ಆಕೆ.

ಮರುದಿನದಿಂದ ಸಾಹುಕಾರರು ಮುಂದಿನ ಬೆಂಚಿಗೆ ಬಂದು ಕೂತರು.

ಫೋನ್ ಬಂದರೆ ಚಹಾ

ಸಾಹುಕಾರರು ಕಲಿತದ್ದೇ ಹೊರರಾಜ್ಯದ ವ್ಯಾಪಾರಿಗಳ ಜೊತೆ ಫೋನಿನಲ್ಲಿ ಮಾತಾಡಲು. ಮಾತಾಡತೊಡಗಿದರು ಕೂಡ. ಆದರೆ ಮಿಲ್ಲಿನಲ್ಲಿ ಯಾವ ಲಾರಿಯೂ ಹೊತ್ತಿಗೆ ಸರಿಯಾಗಿ ತುಂಬುತ್ತಿರಲಿಲ್ಲ. ಯಾಕೆ ಅಂತ ಅವರಿಗೆ ತಿಳಿಯದು.

ಕಾರಣ ಇಷ್ಟೇ. ಫೋನಿನಲ್ಲಿ "ಪ್ಲೀಸ್ ವೇಟ್" ಅಂದಾಗಲೆಲ್ಲ ಅವರ ಕೈ ಮೇಲೇಳುತ್ತಿತ್ತು. ಆ ಮಿಲ್ಲಿನಲ್ಲಿ ಸಾಹುಕಾರರು ಅಂಗೈ ಎತ್ತಿದರೆ ಕೆಲಸ ನಿಲ್ಲಿಸಿ ಅಂತ ಅರ್ಥ. ಹಮಾಲರು ಮೂಟೆ ಇಳಿಸಿ ಚಹಾದಂಗಡಿಗೆ ಹೋಗುತ್ತಿದ್ದರು. ಅಂಗಡಿಯವನೇ ಕೊನೆಗೆ ಗುಟ್ಟು ಬಿಟ್ಟುಕೊಟ್ಟ. ಸಾಹುಕಾರರು ಹಮಾಲರ ಮುಖಂಡನನ್ನು ಕರೆದು ಗದರಿದರು.

ಅವನು ತಣ್ಣಗೆ ಹೇಳಿದ: "ಸಿಟ್ಟಾಗಬ್ಯಾಡ್ರಿ. ನೀವು ಇಂಗ್ಲಿಷ್ ಕಲ್ತದ್ದು ನಮಗ ಭಾಳ ಚಲೋ ಆಗೈತ್ರಿ. ಹಿಂದೀನೂ ಕಲ್ತುಬಿಡ್ರಿ."

ಗಾಜಿನ ಕಿಟಕಿ

ಆಟೋ ಡ್ರೈವರ್‌ನ ಸಂದರ್ಶನದ ದಿನ ಬಂತು. ನೀವೂ ಬರ್ರಿ ಎಂದು ಗೋಗರೆದ, ಹೋದೆ. ಅಧಿಕಾರಿಗಳ ಮುಂದೆ ಹೂ ಮುಡಿಯುತ್ತ ಕೂತರೆ ಏನು ಗತಿ ಎಂದು ನನಗೆ ಅಳುಕು. "ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂತುಕೋ, ಅಲುಗಾಡಿಸಬೇಡ" ಎಂದು ತಾಕೀತು ಮಾಡಿದೆ.

ಒಳಗೆ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಕೈ ಮೇಲೆ ಕೂತ, ಬಾಯಿ ಕಟ್ಟಿತು. ರಾಜರ ಆಳ್ವಿಕೆಯ ಬಗ್ಗೆ ಕೇಳಿದರು. ಕಣ್ಣ ಮುಂದೆ ಬಾಳೆಗೊನೆ, ಅದರ ಹಿಂದೆ ಮಾವ. ಆಗ ಸಮಿತಿಯ ಮಹಿಳೆಯೊಬ್ಬರು ಕನಿಕರದಿಂದ, "ಯಾಕಪ್ಪ, ಕೈ ನೋಯ್ತಾವೇನು? ಆರಾಮ್ ಕುಂದ್ರು" ಅಂದರು.

ಕೈ ಹೊರಗೆ ಬಂತು, ಹಿಂದೆಯೇ ಇಂಗ್ಲಿಷ್ ಬಂತು. ಮಳೆಯ ರೇನ್‌ಗೆ ಬೆರಳುಗಳನ್ನು ಹನಿಗಳ ಹಾಗೆ ಮೇಲಿಂದ ಇಳಿಸಿದ. ರಾಜರು ಆಳುವ ರೇನ್‌ಗೆ ಎರಡೂ ಕೈಯಿಂದ ಮೀಸೆ ತಿರುವಿದ. ಅದು ನಾನು ಕಲಿಸಿದ್ದಲ್ಲ, ಆಟೋದಲ್ಲಿ ಬರುವಾಗ ತಾನೇ ಮಾಡಿಕೊಂಡದ್ದು. ಒಬ್ಬೊಬ್ಬ ರಾಜನಿಗೂ ಒಂದೊಂದು ತಿರುವು. ಸಮಿತಿಯವರು ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರಂತೆ.

ಹೊರಗಿದ್ದ ನಮಗೆ ಗಾಜಿನ ಕಿಟಕಿಯಿಂದ ನೋಟ ಮಾತ್ರ, ಮಾತಿಲ್ಲ. ಸರದಿಯಲ್ಲಿದ್ದ ಒಬ್ಬ ಪಕ್ಕದವನಿಗೆ ಹೇಳಿದ: "ಲೇ, ಹೊಸ ರೂಲ್ ಬಂದಂಗೈತಿ. ಮೀಸಿ ತಿರುವಿದ್ರ ಮಾರ್ಕ್ಸ್."

ವರಾಂಡಾದ ತುಂಬ ಅಭ್ಯಾಸ ಶುರುವಾಯಿತು. ಮರಿಯಮ್ಮನಹಳ್ಳಿಯ ಹುಡುಗಿಯೊಬ್ಬಳು, ಎಂ.ಎ. ಓದಿದವಳು, ನನ್ನ ಕಿವಿಯಲ್ಲಿ ಕೇಳಿದಳು: "ಮೇಡಂ, ನಮಗೂ ಇದು ಕಂಪಲ್ಸರಿ ಏನ್ರಿ?" ಇಲ್ಲ ಎನ್ನುವಷ್ಟರಲ್ಲಿ ಅವಳ ಹೆಸರು ಕೂಗಿದರು. ಒಳಗೆ ಹೋದಳು, ನಮಸ್ಕಾರ ಮಾಡಿದಳು, ಮೀಸೆ ತಿರುವಿದಳು.

ನಮ್ಮವನಿಗೆ ಬ್ಯಾಡ್ಜ್ ಸಿಕ್ಕಿತು. ಕೊರಳಿಗೆ ಹಾಕಿಕೊಂಡು ನನಗೆ ತೋರಿಸಲು ಬಂದಾಗ ನನ್ನ ಕಣ್ಣು ತುಂಬಿ ಬಂತು, ನನ್ನ ಶಾಲೆಯ ಮಕ್ಕಳು ಪಾಸಾದಾಗಲೂ ಅಷ್ಟು ಹಿಗ್ಗಿರಲಿಲ್ಲ. ಹುಡುಗಿಗೂ ಸಿಕ್ಕಿತು. ಮೀಸೆ ತಿರುವಿದವರಿಗೆಲ್ಲ ಸಿಕ್ಕಿತು.

ದಿಬ್ಬದ ಮೇಲೆ

ಮೊನ್ನೆ ನೆಂಟರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಮಹಾನವಮಿ ದಿಬ್ಬದ ಮೇಲೆ ವಿದೇಶಿಯರ ಒಂದು ಗುಂಪು ಸಾಲಾಗಿ ನಿಂತು ಭಕ್ತಿಯಿಂದ ಇಲ್ಲದ ಮೀಸೆ ತಿರುವುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಗೈಡು ನಾನು ಕಾಣದ ಹೊಸ ಹುಡುಗ. ನೆಟ್ಟಗೆ ನನ್ನ ಬಳಿ ಬಂದ.

"ನಗಬ್ಯಾಡ್ರಿ ಅಮ್ಮಾ. ರಾಜರ ಹೆಸರು ಬಂದಾಗ ಮೀಸಿ ತಿರುವೋದು ಇಲ್ಲಿ ಪದ್ಧತಿ. ವಿಜಯನಗರದ ಕಾಲದಿಂದ ಬಂದದ್ದು."

"ಯಾರು ಹೇಳಿದ್ರಪ್ಪ?"

"ನಮ್ಮ ಸೀನಿಯರ್ ಗೈಡ್ರು ಎಲ್ಲಾರೂ ಹಿಂಗ ಮಾಡ್ತಾರ್ರಿ. ನಿಮಗೇನ್ ಗೊತ್ತೈತಿ ಇತಿಹಾಸ?"

ಇದು ಇಂಗ್ಲಿಷ್ ಕ್ಲಾಸಿನಿಂದ ಬಂದದ್ದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ವಿದೇಶಿ ಅಜ್ಜಿಯೊಬ್ಬರು, ಪಾಪ ಈಕೆಗೆ ತನ್ನ ಊರಿನ ಪದ್ಧತಿಯೇ ಗೊತ್ತಿಲ್ಲ ಎಂಬಂತೆ ಮರುಗಿ, ನನ್ನ ಎರಡೂ ಕೈ ಹಿಡಿದು ನನ್ನ ತುಟಿಯ ಮೇಲೆ ಇಟ್ಟು ತೋರಿಸಿಕೊಟ್ಟರು. ನಾನೂ ಮೀಸೆ ತಿರುವಿದೆ.