ಠಣ್ ಎಂದ ಕೇಕು

ನಾನು ತೆಗೆದ ಸಕ್ಕರೆ ಪಾಕದ ಎಳೆ ಒಮ್ಮೆ ಚನ್ನರಾಯಪಟ್ಟಣದಿಂದ ಹಾಸನದವರೆಗೂ ತುಂಡಾಗದೆ ಹೋಗಿತ್ತು. ನಡುವೆ ಶಾಂತಿಗ್ರಾಮದವರು ಅದರ ಮೇಲೆ ಬಟ್ಟೆ ಒಣಹಾಕಿಕೊಂಡರು. ಒದ್ದೆ ಕಂಬಳಿ ಹಾಕಿದಾಗ ಮಾತ್ರ ಒಂಚೂರು ಜಗ್ಗಿತು, ಸುಳ್ಳೇಕೆ ಹೇಳಲಿ? ಇಂಥ ಶಶಿಕುಮಾರನಾದ ನಾನು ಪಕ್ಕದ ಮನೆಯಲ್ಲೇ ಇದ್ದೂ ಪರಮೇಶ ಪಾಕದಲ್ಲಿ ಮುಳುಗಿದನೆಂದರೆ ಅದು ಅವನ ಹಣೆಬರಹ.

ಎಲ್ಲಕ್ಕೂ ಮೂಲ ಒಂದು ಬೋರ್ಡು. ಅವನ ಹೆಂಡತಿ ಗೇಟಿಗೆ ‘ಪ್ರತಿಭಾ ಹೋಮ್ ಬೇಕರಿ’ ಎಂದು ನೇತುಹಾಕಿದ ದಿನದಿಂದ ನಮ್ಮ ಬೀದಿಯಲ್ಲಿ ಪರಮೇಶನಿಗೆ ಹೆಸರೇ ಇಲ್ಲವಾಯಿತು. ಅವನು ಸ್ಕೂಟರಿನಲ್ಲಿ ಕೇಕು ಇಟ್ಟುಕೊಂಡು ಹೊರಟರೆ ಜನ “ಬೇಕರಿ ಓಯ್ತಾ ಅದೆ ನೋಡು” ಎನ್ನುತ್ತಿದ್ದರು.

“ಬೋರ್ಡಲ್ಲಿ ನನ್ನೆಸ್ರೂ ಬರ್ಸು ಕಣೆ,” ಎಂದು ಅವನು ಹೆಂಡತಿಯನ್ನು ಗೋಗರೆದ.

“ಏನ್ ಮಾಡಿದೀರಿ ಅಂತ ಬರ್ಸ್ಲಿ?” ಎಂದಳು ಪ್ರತಿಭಾ. “ಸರಿ, ಇವತ್ತು ಹಂಸ ಟೀಚರ್ ಮಗನ ಬರ್ತ್‌ಡೇ. ಕೇಕು ಬೇಯ್ಸಿಟ್ಟಿದೀನಿ. ನಾನು ಡಬ್ಬ ತರಾಕೆ ಹಾಸನಕ್ಕೆ ಹೋಗ್ಬತ್ತೀನಿ. ಅಷ್ಟ್ರಲ್ಲಿ ಸಕ್ಕರೆ ಪಾಕ ಮಾಡಿ, ಕೇಕಿನ ಮೇಲೊಂದಷ್ಟು ಉಯ್ರಿ, ಮಿಕ್ಕಿದ್ದು ನಿಂಬೆ ಸರ್ಬತ್ತಿಗೆ. ಸಕ್ಕರೆ ಎಷ್ಟೋ ನೀರೂ ಅಷ್ಟೆ. ಕರಗಿದ ತಕ್ಷಣ ಇಳಿಸ್ಬುಡಿ. ಎಳೆಗಿಳೆ ಬರ್ಬಾರ್ದು. ಇದೊಂದು ನೆಟ್ಟಗೆ ಮಾಡಿ, ನಾಳೇನೇ ನಿಮ್ಮೆಸ್ರು ಬರ್ಸ್ತೀನಿ.”

ಪರಮೇಶ ಹೇಳಿದಂತೆಯೇ ಮಾಡಿದ. ಸಕ್ಕರೆ ಕರಗಿತು. ಇನ್ನೇನು ಒಲೆ ಆರಿಸಬೇಕು, ಎದುರು ಮನೆಯ ಪುಟ್ಟತಾಯಮ್ಮ ಕರಿಬೇವು ಕೇಳಿಕೊಂಡು ಒಳಗೆ ಬಂದರು. ಸೌಟಿನಿಂದ ಒಂದು ತೊಟ್ಟು ತೆಗೆದು ಎರಡು ಬೆರಳ ನಡುವೆ ಹಿಡಿದು ನೋಡಿದರು.

“ಅಯ್ಯೋ, ಇದ್ಯಾವ ಪಾಕಲಾ ಪರಮೇಶ? ನೆಗಡೀಗೂ ಇದ್ಕಿಂತ ಉದ್ದ ಎಳೆ ಬತ್ತದೆ ಕಣ್ಲಾ!”

“ಪ್ರತಿಭಾ ಎಳೆ ಬ್ಯಾಡ ಅಂದವ್ಳೆ.”

“ಅವ್ಳೇನ್ ಕಂಡವ್ಳೆ? ಪಾಕ ಅಂದ್ಮೇಕೆ ಒಂದೆಳೆನಾದ್ರೂ ಬರ್ಬ್ಯಾಡ್ವ? ಬರೀ ಸಕ್ಕರೆ ನೀರು ಕೊಟ್ಬುಟ್ಟ ಅಂತ ಊರೆಲ್ಲ ನಿನ್ನೆಸ್ರು ಎತ್ತಿ ಆಡ್ಕತಾರೆ, ನೋಡ್ತಿರು.”

ಹೆಸರು ಎಂದ ಕೂಡಲೇ ಪರಮೇಶನ ಕೈ ಒಲೆಯ ಗುಬುಟಿನಿಂದ ಹಿಂದಕ್ಕೆ ಬಂತು. ಪಾಕ ಕುದಿಯಿತು. ಒಂದೆಳೆ ಬಂತು.

ಅಷ್ಟರಲ್ಲಿ ಮಾತಿನ ವಾಸನೆ ಹಿಡಿದು ತೆಂಗಿನಕಾಯಿ ವ್ಯಾಪಾರದ ರುದ್ರಯ್ಯ ಬಂದರು. “ಒಂದೆಳೆ ಜಾಮೂನಿಗೆ ಸಾಕು ಕಣಪ್ಪ. ಜಾಮೂನು ಎಷ್ಟಿರ್ತದೆ? ಗೋಲಿಯಷ್ಟು. ಕೇಕು ಎಷ್ಟಿದೆ? ಕುಕ್ಕೆಯಷ್ಟು. ಲೆಕ್ಕ ಆಕ್ಕೋ. ಎರಡೆಳೆಗೆ ಕಮ್ಮಿ ಆದ್ರೆ ನಡೆಯಲ್ಲ.”

ಎರಡೆಳೆಯೂ ಬಂತು. ಆಗ ಪಂಡಿತನಾದ ನಾನು ಒಳಹೊಕ್ಕು ಫ್ಯಾನಿನಡಿಗೆ ಕುರ್ಚಿ ಎಳೆದುಕೊಂಡೆ. “ಎಳೆ ಎಣಿಸೋದೆಲ್ಲ ಮಕ್ಕಳಾಟ ಕಣ್ಲಾ. ಗಟ್ಟಿ ಪಾಕ ಅಂದ್ರೆ ತಟ್ಟೆಗೆ ಆಕುದ್ರೆ ಠಣ್ ಅನ್ಬೇಕು. ಇನ್ನೂ ಕುದೀಲಿ.”

“ಸಾಕಲ್ವಾ ಶಶಿಯಣ್ಣ?”

“ಇನ್ನೂ ಒಸಿ ಕುದೀಲಿ.”

ಪಾಕ ಜೇನಿನ ಬಣ್ಣಕ್ಕೆ ತಿರುಗಿ, ಗುಳುಗುಳು ಎನ್ನುತ್ತ ನಮ್ಮನ್ನೇ ಬೈಯತೊಡಗಿತು. ಕೊನೆಗೆ ಪರಮೇಶ ಹೆದರಿ ಇಳಿಸಿ, ಕೇಕಿನ ಮೇಲೆ ಹುಯ್ದ. ಅದು ಕೇಕಿನೊಳಗೆ ಇಳಿಯುವ ಮನಸ್ಸೇ ಮಾಡಲಿಲ್ಲ. ಮೇಲೆಯೇ ಗಾಜಿನಂತೆ ಕೂತುಬಿಟ್ಟಿತು. ಬೆರಳ ಗೆಣ್ಣಿನಿಂದ ಕುಟ್ಟಿದರೆ ಠಣ್! ಐಸು ಹಾಕಿದ್ದ ನಿಂಬೆ ನೀರಿಗೆ ಬಿದ್ದ ಪಾಕ ಕರಗದೆ, ಚಟಚಟನೆ ಹರಳುಗಟ್ಟಿ ತಳ ಸೇರಿತು. ಪಾತ್ರೆಯಲ್ಲಿ ಸಿಕ್ಕಿಕೊಂಡ ಸೌಟನ್ನು ಕೀಳಲು ನಾವು ಮೂವರು ಗಂಡಸರು ಹಗ್ಗ ಕಟ್ಟಿ ಎಳೆದೆವು. ಪಾತ್ರೆ, ಒಲೆ, ಅಡುಗೆಕಟ್ಟೆ ಸಮೇತ ಮನೆಯೇ ಎರಡು ಗೇಣು ರಸ್ತೆಗೆ ಬಂತು. ಪುಟ್ಟತಾಯಮ್ಮ, ರುದ್ರಯ್ಯ ಮೆಲ್ಲಗೆ ಜಾರಿಕೊಂಡರು.

ಪ್ರತಿಭಾ ಬಂದು ಕೇಕನ್ನು ನೋಡಿದಳು. ಗಂಡನನ್ನು ನೋಡಿದಳು.

“ಯಾರ್ ಮಾಡಿದ್ದು ಇದ?”

ಪರಮೇಶ ನನ್ನ ಕಡೆ ಬೆರಳು ತೋರಿಸಿದ. “ನಾನಲ್ಲ ಕಣೆ! ಮನೆದೇವ್ರಾಣೆಗೂ ನಾನು ಒಲೆ ಅತ್ರಾನೂ ಸುಳಿದಿಲ್ಲ. ಎಲ್ಲ ಈ ಶಶಿಯಣ್ಣನ ಪಾಕ!”

ಬೇರೆ ಕೇಕು ಬೇಯಿಸಲು ಹೊತ್ತಿರಲಿಲ್ಲ. ಆ ಕಲ್ಲನ್ನೇ ಡಬ್ಬಕ್ಕಿಟ್ಟು, ಸರ್ಬತ್ತಿನ ಕ್ಯಾನಿನ ಸಮೇತ ಕಳಿಸಿ, ಆಸ್ಪತ್ರೆ ಬಾಗಿಲಲ್ಲಿ ಕೂತವರಂತೆ ಕೂತೆವು.

ಸಂಜೆ ಹಂಸ ಟೀಚರ್ ಗೇಟು ತಳ್ಳಿಕೊಂಡು ಓಡೋಡಿ ಬಂದರು. ಪರಮೇಶ ಬಾಗಿಲ ಹಿಂದೆ ಸರಿದ.

“ಪ್ರತಿಭಾ, ಏನಮ್ಮ ಅದು ಕೇಕು! ಚಾಕು ಹೋಗ್ಲಿಲ್ಲ ಅಂತ ನನ್ನ ಮಗ ಲಟ್ಟಣಿಗೇಲಿ ಕುಟ್ಟಿದ. ಫಳ್ ಅಂತ ಒಡೀತು! ಮಕ್ಕಳೆಲ್ಲ ಚೂರಿಗೆ ಕಿತ್ತಾಡಿಬಿಟ್ವು. ಆ ಸರ್ಬತ್ತಂತೂ ಬೆಲ್ಲ ಕಚ್ಚಿಕೊಂಡು ನೀರು ಕುಡಿದ ಹಾಗೆ, ಹರಳು ಕಚ್ಚೋದು, ಹುಳಿ ಹೀರೋದು. ಭಾನುವಾರ ನಮ್ಮ ಸ್ಕೂಲಿಗೆ ಇಂಥವೇ ಹತ್ತು ಕೇಕು ಬೇಕು. ಯಾರಮ್ಮ ಮಾಡಿದ್ದು?”

“ನಾನೇ ಮೇಡಂ!” ಪರಮೇಶ ಬಾಗಿಲ ಹಿಂದಿನಿಂದ ನೆಗೆದ.

ಪ್ರತಿಭಾ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. “ಆವಾಗ ಮನೆದೇವ್ರಾಣೆ ಮಾಡಿ ನಾನಲ್ಲ ಅಂದ್ರಲ್ಲ? ದೇವ್ರನ್ನ ಸುಳ್ಳು ಮಾಡಿ ನಾನು ಬೋರ್ಡು ಬರ್ಸಾಕಾಗಲ್ಲ. ಮೇಡಂ, ಮಾಡಿದ್ದು ಶಶಿಯಣ್ಣ. ನಾಳೆ ಅವ್ರ ಹೆಸ್ರೇ ಬರ್ಸ್ತೀನಿ.”

ನಾನು ಪೂರಿಯಂತೆ ಉಬ್ಬಿದೆ. ಪರಮೇಶ ತಣ್ಣಗಾದ ಪೂರಿಯಂತೆ ಕುಸಿದ.

“ಹಾಗಾದ್ರೆ ಇಲ್ಲೇ ಒಂದು ಸಲ ಮಾಡಿ ತೋರ್ಸಿ ಅಣ್ಣ, ವಿಡಿಯೋ ಮಾಡ್ಕೋತೀನಿ,” ಎಂದು ಹಂಸ ಟೀಚರ್ ಮೊಬೈಲು ಹಿಡಿದೇಬಿಟ್ಟರು.

ಪ್ರತಿಭಾ ನನ್ನ ಕೈಗೆ ಗ್ಯಾಸ್ ಲೈಟರ್ ಕೊಟ್ಟಳು. ನಾನು ಗಂಭೀರವಾಗಿ ಒತ್ತಿದೆ. ಕಿಡಿ ನನ್ನ ಅಂಗಿಯ ಕಡೆಗೆ ಹಾರಿತು.

“ಆ ತುದಿ ಒಲೆ ಕಡೀಕೆ ಇರ್ಬೇಕು ಶಶಿಯಣ್ಣ,” ಎಂದಳು ಪ್ರತಿಭಾ ಮೆತ್ತಗೆ. ಆಮೇಲೆ ಗಂಡನ ಕಡೆ ತಿರುಗಿದಳು. “ನೀವೇ ಹೇಳಿ, ಎಷ್ಟೊತ್ತು ಕುದಿಸಿದ್ರಿ?”

“ನಂಗೇನ್ ಗೊತ್ತು? ಶಶಿಯಣ್ಣ ಕುದೀಲಿ ಅಂದಷ್ಟೊತ್ತೂ ಕುದೀತು. ಅವ್ರುನ್ನೇ ಕೇಳು.”

ಮೂರು ಮುಖವೂ, ಮೊಬೈಲೂ ನನ್ನ ಕಡೆ ತಿರುಗಿದವು.

“ಏನ್ ನೋಡ್ಕಂಡು ಇನ್ನೂ ಕುದೀಲಿ, ಇನ್ನೂ ಕುದೀಲಿ ಅಂತಿದ್ರಿ ಶಶಿಯಣ್ಣ? ಬಣ್ಣವಾ, ಎಳೆಯಾ?” ಎಂದಳು ಪ್ರತಿಭಾ.

“ಫ್ಯಾನು ಕಣಮ್ಮ,” ಎಂದೆ. “ನಮ್ಮನೇಲಿ ಕರೆಂಟ್ ಓಗಿತ್ತು. ನಿಮ್ಮನೇಲಿ ಯುಪಿಎಸ್ ಇತ್ತು. ಪಾಕ ಇಳಿಸ್ಬುಟ್ರೆ ನಾನೂ ಎದ್ದೋಗ್ಬೇಕಿತ್ತಲ್ಲ.”