ಹಾಳೆಯ ಹಿಂಬದಿ

ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ಸಿಗುವ ನೌಕರಿಯಲ್ಲಿ ಬಹಳ ವರ್ಷ ಇದ್ದರೆ, ನಮ್ಮಿಂದಲೂ ತಪ್ಪಾಗಬಹುದೆಂಬುದು ಮರೆತೇ ಹೋಗುತ್ತದೆ. ಕಮಲಾಪುರದಲ್ಲಿ ಗಣಿತ ಕಲಿಸುತ್ತಿದ್ದ ನಾನು ಅಂಕಗಳನ್ನು ತವರುಮನೆಯಿಂದ ತಂದವಳ ಹಾಗೆ ಬಿಗಿಹಿಡಿದು ಕೊಡುತ್ತಿದ್ದೆನಂತೆ. ಸಹೋದ್ಯೋಗಿಗಳು ಹಾಗೆಂದು ಕಾಲೆಳೆದರೆ ನನಗದು ಹೊಗಳಿಕೆಯಾಗಿಯೇ ಕೇಳುತ್ತಿತ್ತು. ಪರೀಕ್ಷೆಯ ದಿನ ನನ್ನದೊಂದು ಖಾಯಂ ಘೋಷಣೆ: "ಹಾಳಿ ಹೊಳ್ಳಿಸಿ ನೋಡ್ರಿ." ಶಬಾನಾ ಎಂಬ ಹುಡುಗಿ ಒಮ್ಮೆ ಹಾಳೆ ತಿರುಗಿಸಿ ಪ್ರಶ್ನೆಪತ್ರಿಕೆಯ ಹಿಂಬದಿ ನೋಡದೆ, ಅರ್ಧಕ್ಕೇ ಉತ್ತರ ಬರೆದು ಎದ್ದುಹೋಗಿ ಫೇಲಾದಳು. "ಹಾಳಿಗೆ ಎರಡು ಬದಿ ಇರ್ತಾವ ಅಂತ ದೇವ್ರು ಬಂದು ಹೇಳಬೇಕೇನು?" ಎಂದು ಇಡೀ ತರಗತಿಯ ಮುಂದೆ ಬೈದಿದ್ದೆ. ಪಾಪ, ಅತ್ತಳು.

ವರ್ಷಗಳು ಕಳೆದವು. ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದಲು ಕಲಬುರಗಿಯ ಮೌಲ್ಯಮಾಪನ ಕೇಂದ್ರಕ್ಕೆ ಹೋದೆ. ಅದೇ ಊರಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ನನ್ನ ಮನೆಯಿಂದ ದಿನಾ ಚೀಲದಲ್ಲಿ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯುತ್ತಿದ್ದೆ. ಆ ಬಿಸಿಲಿಗೆ ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾವು ತಿದ್ದಿದ್ದನ್ನು ಮತ್ತೆ ಪರಿಶೀಲಿಸುವ ಕುರ್ಚಿಯಲ್ಲಿ ಕೂತಿದ್ದವಳು ಅದೇ ಶಬಾನಾ. ನೇರ ನೇಮಕಾತಿಯಲ್ಲಿ ಆಯ್ಕೆಯಾಗಿ ಆಗಲೇ ಮುಖ್ಯೋಪಾಧ್ಯಾಯಿನಿ ಆಗಿದ್ದಳು. ನಾನಿನ್ನೂ ಬಡ್ತಿಯ ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದೆ. ಮೂರನೆಯ ದಿನ ಅವಳು ಒಂದು ಉತ್ತರಪತ್ರಿಕೆ ಹಿಡಿದು ನನ್ನ ಬೆಂಚಿಗೇ ಬಂದಳು. ಅಷ್ಟು ಜನರೆದುರು ಹೆಸರು ಹಿಡಿದು ಕರೆಯಬಹುದಿತ್ತು, ಕರೆಯಲಿಲ್ಲ. ಬಗ್ಗಿ, ಮೆಲ್ಲಗೆ ಕೇಳಿದಳು, "ಟೀಚರ್ರೀ, ಈ ಹಾಳಿ ಹೊಳ್ಳಿಸಿ ನೋಡೀರೇನ್ರೀ?"

ನೋಡಿರಲಿಲ್ಲ. ಕೊನೆಗೆ ಕಟ್ಟಿದ್ದ ಹೆಚ್ಚುವರಿ ಹಾಳೆಯ ಹಿಂದೆ ಎರಡು ದೊಡ್ಡ ಲೆಕ್ಕಗಳಿದ್ದವು, ಎರಡೂ ಸರಿ. ನಾಲ್ಕು ಅಂಕ ಕಡಿಮೆಯೆಂದು ಆ ಮಗುವನ್ನು ಫೇಲು ಮಾಡಿ ನಾನು ಆರಾಮವಾಗಿ ಮುಂದಿನ ಪತ್ರಿಕೆಗೆ ಕೈಹಾಕಿದ್ದೆ. ಎರಡೂ ಲೆಕ್ಕಕ್ಕೆ ಅಂಕ ಕೊಟ್ಟು ಮೊತ್ತ ತಿದ್ದಿದೆ, ಮಗು ಪಾಸಾಯಿತು.

"ನಾ ಆವತ್ತ ಬೈದಂಗ ನೀನೂ ಬೈಯವ್ವಾ," ಎಂದೆ.

"ಬಿಡ್ರೀ ಟೀಚರ್. ನೀವು ಬೈದಿದ್ದಕ್ಕ ನಾ ಇವತ್ತಿಗೂ ಹೊಳ್ಳಿಸಿ ನೋಡ್ತೀನಿ. ಬಾಳಿಹಣ್ಣು ತಂದೀರಿಲ್ಲೋ?"

ಆ ಮಗು ಯಾರೋ, ಯಾವ ಊರಿನದೋ, ನನಗೆ ಸಿಕ್ಕಿದ್ದು ಒಂದು ನಂಬರು ಮಾತ್ರ. ಅದರ ಒಂದು ವರ್ಷ ಉಳಿಸಿದ ಶಬಾನಾಳನ್ನು ನೆನೆಯದ ದಿನವಿಲ್ಲ. ನನ್ನ ಮರ್ಯಾದೆ ಉಳಿಸಿದ್ದೂ ಅವಳೇ.

ಈಗ ನಾನೂ ಮುಖ್ಯೋಪಾಧ್ಯಾಯಿನಿ. ಮೊನ್ನೆ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ನಾನೇ ತಯಾರಿಸಿ, ಹಂಚಿಸಿ, ಬಾಗಿಲಲ್ಲಿ ನಿಂತು ಅದೇ ಹಳೆಯ ಘೋಷಣೆ ಮಾಡಿದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಹೊಳ್ಳಿಸಿ ನೋಡೀವ್ರೀ ಟೀಚರ್. ಹಿಂದ ಏನೂ ಇಲ್ರೀ."

ಹಿಂಬದಿಯನ್ನು ಅಚ್ಚುಹಾಕಿಸಲು ಮರೆತಿದ್ದೆ. ಅವಳಿಗೆ ಥ್ಯಾಂಕ್ಸ್ ಹೇಳಿ, ಜೆರಾಕ್ಸ್ ಅಂಗಡಿಗೆ ನಾನೇ ನಡೆದೆ.